ಬೈರಮ್ಮ ಹಿಡಿದ ಕಳ್ಳ

"ಪತ್ತೇದಾರನು ಎದ್ದು ಹಜಾರದ ಬಾಗಿಲಿಗೆ ಅಗಳಿ ಹಾಕಿದನು. ಅಲ್ಲಿ ಕುಳಿತಿದ್ದವರ ಮುಖಗಳನ್ನು ಒಂದೊಂದಾಗಿ ದಿಟ್ಟಿಸಿದನು. 'ರಾಯರ ಹಾಲಿನ ಲೋಟಕ್ಕೆ ವಿಷ ಬೆರೆಸಿದವರು ಹೊರಗಿನವರಲ್ಲ. ಈ ಹೊತ್ತು ಇದೇ ಹಜಾರದಲ್ಲಿ ನಮ್ಮೊಡನೆ ಕುಳಿತಿದ್ದಾರೆ' ಎಂದನು."

ಅಷ್ಟು ಓದಿ ಗೌರಮ್ಮ ಪುಸ್ತಕ ಮುಚ್ಚಿಬಿಟ್ಟಳು.

"ಮುಚ್ಬ್ಯಾಡ ಕಣವ್ವೋ!" ಬೈರಮ್ಮ ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿದ್ದ ಎಮ್ಮೆ ಎದ್ದು ನಿಂತಿತು. "ಕೊಲೆಗಾರ ಸಿಕ್ಕೋ ಒತ್ನಲ್ಲಿ ಯಾರಾನಾ ಪುಸ್ತಕ ಮುಚ್ತಾರಾ? ಇನ್ನೊಂದ್ ಆಳೆ ಓದವ್ವ, ನಿನ್ ಕೈ ಮುಗೀತೀನಿ."

"ನಾಳೆ, ಬೈರಮ್ಮನೋರೇ. ನಮ್ಮತ್ತೆ ಏಳೋ ಹೊತ್ತಾಯ್ತು."

"ನಿಮ್ಮತ್ತೆ ಎದ್ರೆ ಕಾಪಿ ಕೇಳ್ತಾಳೆ, ಪ್ರಾಣ ಕೇಳ್ತಾಳಾ?"

"ಮುಂದಿಂದು ನಾನೂ ಓದಿಲ್ಲ ಕಣ್ರೀ. ನಾನೊಬ್ಬಳೇ ಓದಿ ತಿಳ್ಕೊಂಡ್ರೆ ಅದು ಮೋಸ ಅಲ್ವೇ? ಎಲ್ರಿಗೂ ಒಟ್ಟಿಗೇ ಗೊತ್ತಾಗ್ಲಿ," ಎಂದು ಗೌರಮ್ಮ ಗಂಭೀರವಾಗಿ ಹೇಳಿದಳು. ಪಕ್ಕದಲ್ಲಿ ರವಿಕೆಗೆ ಹುಕ್ಕು ಹೊಲಿಯುತ್ತಿದ್ದ ಜೈನಾಬ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಜಾಲಹಳ್ಳಿಯಲ್ಲಿ ಗಡಿಯಾರದ ಫ್ಯಾಕ್ಟರಿ ಶುರುವಾದ ಮರುವರ್ಷದ ಮಾತು ಇದು. ಮತ್ತಿಕೆರೆಯ ಚಿಕ್ಕಮಾರಯ್ಯ ತನ್ನ ಹುರುಳಿ ಹೊಲದಲ್ಲಿ ಹೆಂಚಿನ ಮನೆಗಳ ಒಂದು ಸಾಲು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಮೊದಲನೆಯ ಮನೆಗೆ ಬಂದವನು ಫ್ಯಾಕ್ಟರಿಯ ಗುಮಾಸ್ತ ವೆಂಕಟರಾಮಯ್ಯ; ಜೊತೆಗೆ ಅವನ ಹೆಂಡತಿ ಗೌರಮ್ಮ, ತಾಯಿ ಸುಬ್ಬಮ್ಮ. ಕೊನೆಯ ಮನೆಗೆ ಬಂದವರು ದರ್ಜಿ ಮುಜಫ್ಫರ್ ಮತ್ತು ಅವನ ಹೆಂಡತಿ ಜೈನಾಬ್. ಚಿಕ್ಕಮಾರಯ್ಯನ ಹೆಂಡತಿ ಬೈರಮ್ಮನಿಗೆ ಆಗ ಐವತ್ತರ ಹತ್ತಿರ. ಒಂದಕ್ಷರ ಓದಲು ಬಾರದ ಹೆಂಗಸು. ಆದರೆ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಅಂತ ಬೀದಿಯಲ್ಲಿ ನಿಂತೇ ಹೇಳುವಂಥ ಮೂಗು ಅವಳದು.

ಗೌರಮ್ಮ ಮಧ್ಯಾಹ್ನ ಒಬ್ಬಳೇ ಕೂತು ಪುಸ್ತಕ ಓದುತ್ತ ಬೆಚ್ಚಿಬೀಳುವುದನ್ನು ನೋಡಿ, ಏನವ್ವ ಅದು, ನಮಗೂ ಓದಿ ಹೇಳು ಅಂದದ್ದು ಬೈರಮ್ಮನೇ. ಅಂದು ಹಿಡಿದ ಹುಚ್ಚು ಬಿಡಲಿಲ್ಲ. ಊಟದ ಪಾತ್ರೆ ತೊಳೆದಿಟ್ಟ ಮೇಲೆ ಹಾಲು ಕರೆಯುವ ಹೊತ್ತಿನವರೆಗೆ ಕೊಟ್ಟಿಗೆಯ ಜಗಲಿಯ ಮೇಲೆ ಪತ್ತೇದಾರಿ ಕಾದಂಬರಿ. ಯಾರು ಸತ್ತರು, ಯಾರು ಸಾಯಿಸಿದರು, ಯಾರು ಸುಳ್ಳು ಹೇಳಿದರು! ಒಂದು ದಿನ ಅಡುಗೆಯವನ ಮೇಲೆ ಅನುಮಾನ, ಇನ್ನೊಂದು ದಿನ ಎರಡನೇ ಹೆಂಡತಿಯ ಮೇಲೆ. ಈ ಸಲದ ಪುಸ್ತಕದಲ್ಲಿ ಬೈರಮ್ಮ ಡಾಕ್ಟರನನ್ನು ಹಿಡಿದು ಕೂತಿದ್ದಳು. "ಕರೆಯಾಕೆ ಮುಂಚೇನೇ ಬಂದ್ನಲ್ಲ ಅವ್ನು! ಯಾವ್ ಡಾಕುಟ್ರು ಕರೆಯಾಕೆ ಮುಂಚೆ ಬತ್ತಾನೆ ಯೇಳು?" ಎಂದು ಎಮ್ಮೆಗೆ ಹುಲ್ಲು ಹಾಕುವಾಗಲೂ ವಾದ ಮಾಡುತ್ತಿದ್ದಳು.

ಅವಳಿಗೆ ಅಷ್ಟು ರುಚಿ ಹತ್ತಿದ್ದಕ್ಕೆ ಕಾರಣವೂ ಇತ್ತು. ಬೈರಮ್ಮನ ಇಷ್ಟು ಆಯುಸ್ಸಿನಲ್ಲಿ ಯಾವುದೂ ಇತ್ಯರ್ಥ ಆದದ್ದೇ ಇಲ್ಲ. ಬಾವಿಕಟ್ಟೆಯ ಮೇಲೆ ಇಟ್ಟ ತಾಮ್ರದ ಕೊಡ ಯಾರು ಒಯ್ದರೋ, ಹಬ್ಬದ ಹಿಂದಿನ ದಿನ ಹೋರಿಯ ಹಗ್ಗ ಯಾರು ಬಿಚ್ಚಿದರೋ, ಎಲ್ಲದಕ್ಕೂ ಪಂಚಾಯ್ತಿ ಸೇರಿ ಎಲೆ ಅಡಿಕೆ ಹಾಕಿಕೊಂಡು, ಆಗಿದ್ದಾಯ್ತು ಬಿಡಿ ಅಂತ ಎದ್ದು ಹೋಗುತ್ತಿದ್ದರು. ಪುಸ್ತಕದಲ್ಲಿ ಹಾಗಲ್ಲ. ಅಲ್ಲಿ ಆಗಿದ್ದಾಯ್ತು ಬಿಡಿ ಅನ್ನುವವರೇ ಇಲ್ಲ. ಕೊನೆಗೆ ಒಬ್ಬ ಎದ್ದು ನಿಂತು ಬಾಗಿಲು ಹಾಕಿ, ಕಳ್ಳ ನೀನೇ ಅಂತ ಬೆರಳು ತೋರಿಸುತ್ತಾನೆ, ಆಮೇಲೆ ಎಲ್ಲರೂ ಕಾಫಿ ಕುಡಿಯುತ್ತಾರೆ. ಸತ್ತವನಾದರೂ ಯಾರು? ಯಾರೂ ಕಣ್ಣೀರು ಹಾಕಬೇಕಾಗಿಲ್ಲದ ಜಿಪುಣ. ಆಹಾ, ಎಂಥ ಹಾಯಾದ ಕೊಲೆ ಅದು!

ಆದರೆ ಈ ಸುಖ ಒಂದು ಕೂದಲೆಳೆಯ ಮೇಲೆ ನಿಂತಿತ್ತು. ಪುಸ್ತಕಗಳು ಬರುತ್ತಿದ್ದದ್ದು ಯಶವಂತಪುರದ ಜಿಯಾವುಲ್ಲಾನ ಬಾಡಿಗೆ ಪುಸ್ತಕದ ಅಂಗಡಿಯಿಂದ. ಎರಡು ವಾರಕ್ಕೊಂದು ಶನಿವಾರ ವೆಂಕಟರಾಮಯ್ಯ ಸೈಕಲ್ಲಿನಲ್ಲಿ ಹಳೆಯದನ್ನು ಕೊಟ್ಟು ಹೊಸದು ತರುತ್ತಿದ್ದ. ಅಂಗಡಿಯಲ್ಲಿ ತನ್ನ ಹೆಸರು ಕೆಡಬಾರದು ಅಂತ ಅವನದೊಂದು ಷರತ್ತು: ಪುಸ್ತಕ ಕಳೆದರೆ, ಕೆಟ್ಟರೆ, ಅವತ್ತಿಗೆ ಮುಗಿಯಿತು, ಮತ್ತೆ ಈ ಮನೆಗೆ ಒಂದು ಪುಸ್ತಕವೂ ಬರಕೂಡದು. ಅವನ ತಾಯಿ ಸುಬ್ಬಮ್ಮನದು ಇನ್ನೊಂದು. ದೇವರು ಇರುವ ಸೂರಿನಡಿ ಕೊಲೆಪಾತಕದ ಪುಸ್ತಕ ರಾತ್ರಿ ಇರಕೂಡದು. ಹಾಗಾಗಿ ಓದು ಮುಗಿದ ಮೇಲೆ ಪುಸ್ತಕ ಬೈರಮ್ಮನ ವಶಕ್ಕೆ ಬರುತ್ತಿತ್ತು. ಅವಳ ಅಡುಗೆಮನೆಯ ಮೂಲೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ ಒಂದು ಖಾಲಿ ಇತ್ತು. ಆ ಸೋಮವಾರವೂ ಬೈರಮ್ಮ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಅದರೊಳಗೆ ಇಟ್ಟು ಮುಚ್ಚಳ ಹಾಕಿದಳು.

ಮಂಗಳವಾರ ಮಧ್ಯಾಹ್ನ ಮುಚ್ಚಳ ತೆಗೆದರೆ ವಾಡೆ ಬರಿದು.

"ಗೌರವ್ವೋ! ಜೈನಾಬೂ! ಪುಸ್ತಕ ಇಲ್ಲ ಕಣ್ರವ್ವೋ!" ಬೈರಮ್ಮ ತಲೆಯನ್ನೇ ವಾಡೆಯೊಳಗೆ ತೂರಿಸಿ ಕೂಗಿದ್ದರಿಂದ ಅವಳ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು. ಇಬ್ಬರೂ ಓಡಿಬಂದರು. ಮೂವರೂ ಸೇರಿ ಕಟ್ಟಿಗೆ ಸರಿಸಿದರು, ಗಡಿಗೆ ಮಡಿಕೆ ಎತ್ತಿ ನೋಡಿದರು. ಎಲ್ಲೂ ಇಲ್ಲ.

ನಿಜ ಹೇಳಬೇಕೆಂದರೆ, ಎದೆ ಧಸಕ್ಕೆಂದ ಮೇಲೆ ಬೈರಮ್ಮನಿಗೆ ಒಳಗೊಳಗೇ ಖುಷಿಯೂ ಆಯಿತು. ಇಷ್ಟು ಕಾಲ ಬರೀ ಕೇಳಿದ್ದು, ಈಗ ಮನೆಯಲ್ಲೇ ನಡೆದಿದೆ! ಸೀರೆ ಎತ್ತಿ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ ನಿಂತಳು. "ಯಾರೂ ಅಲ್ಲಾಡ್ಬ್ಯಾಡಿ. ವಾಡೇಲಿ ಪುಸ್ತಕ ಇರೋದು ಯಾರ್ಯಾರಿಗ್ ಗೊತ್ತು? ಪರಊರಿನ್ ಕಳ್ಳ ಬಂದಿದ್ರೆ ಇತ್ತಾಳೆ ಚೊಂಬು ಬಿಟ್ಟು ಪುಸ್ತಕ ತಗಂಡ್ ಓಗ್ತಿದ್ನಾ? ಇದು ಒಳಗಿನೋರ್ ಕೆಲ್ಸ."

ಮೊದಲ ಅನುಮಾನ ಸುಬ್ಬಮ್ಮನ ಮೇಲೆ. ಬೈರಮ್ಮ ಅವರ ಬಾಗಿಲಿಗೆ ಹೋಗಿ ನಯವಾಗಿ ವಿಚಾರಿಸಿದಳು. "ಆ ಹಾಳು ಪುಸ್ತಕ ಮುಟ್ಟಿದ್ರೆ ನಾನು ಇನ್ನೊಂದು ಸಲ ತಲೆಗೆ ನೀರು ಹಾಕ್ಕೋಬೇಕು," ಎಂದು ಸುಬ್ಬಮ್ಮ ಸಿಡುಕಿದಳು. ಬೈರಮ್ಮ ಒಪ್ಪಿದಳು. ಸ್ನಾನದ ಮನೆಗೆ ನೀರು ಹೊರಲು ಗೊಣಗುವ ಮುದುಕಿ ಒಂದು ಪುಸ್ತಕಕ್ಕಾಗಿ ಎರಡು ಸಲ ಮೀಯುವವಳಲ್ಲ. ಇನ್ನು ತನ್ನ ಗಂಡ? ಅಡುಗೆಮನೆಯಲ್ಲಿ ನೀರಿನ ಹಂಡೆ ಎಲ್ಲಿದೆ ಅಂತಲೇ ಗೊತ್ತಿಲ್ಲದ ಗಂಡಸು ಅವನು.

"ಹೋಗ್ಲಿ ಬಿಡಿ ಬೈರಮ್ಮನೋರೇ," ಎಂದಳು ಗೌರಮ್ಮ. "ನಮ್ಮವರಿಗೆ ನಾನು ಹೇಗೋ ಹೇಳ್ತೀನಿ."

"ಓಗ್ಲಿ ಬಿಡಾದಾ? ನಿನ್ ಗಂಡ ಪುಸ್ತಕ ನಿಲ್ಲಿಸ್ತಾನೆ ಕಣವ್ವ! ರಾಯರ್ನ ಕೊಂದೋರು ಯಾರು ಅಂತ ತಿಳೀದೇ ಸಾಯ್ಬೇಕಾಯ್ತದೆ ನಾನು!"

ಅಷ್ಟರಲ್ಲಿ ಅವಳ ಕಣ್ಣು ಜಗಲಿಯ ಮೇಲಿದ್ದ ಜೈನಾಬಳ ಹೊಲಿಗೆ ಬುಟ್ಟಿಯ ಮೇಲೆ ಬಿತ್ತು. ಬುಟ್ಟಿಯ ಬಾಯಿಯಲ್ಲಿ ರವಿಕೆಯ ಅಳತೆಗೆ ಕತ್ತರಿಸಿದ ಅಚ್ಚಿನ ಕಾಗದಗಳು. ಬೈರಮ್ಮನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಪತ್ತೇದಾರನಿಗೂ ಹೀಗೇ ಹೊತ್ತಿಕೊಳ್ಳುತ್ತದೆ, ಆದರೆ ಅವನು ಒಂದು ಗಳಿಗೆ ಬಾಯಿ ಬಿಗಿ ಹಿಡಿಯುತ್ತಾನೆ. ಬೈರಮ್ಮನಿಗೆ ಆ ಅಭ್ಯಾಸ ಇರಲಿಲ್ಲ.

"ಜೈನಾಬು, ನಿನ್ ಗಂಡ ಅಳ್ತೆಗೆ ಕಾಗ್ದ ಕತ್ತರಿಸ್ತಾನಲ್ಲ, ಅದೆಲ್ಲಿಂದ ಬತ್ತದೆ? ಯಾರ್ ಪುಸ್ತಕ ಅದು?"

ಜೈನಾಬಳ ಕೈ ಬುಟ್ಟಿಯ ಮೇಲೆ ಹೋಯಿತು. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಚಿತು. ಏನೋ ಹೇಳಲು ತುಟಿ ತೆರೆದವಳು ಬೈರಮ್ಮನ ಮುಖವನ್ನೇ ನೋಡಿ ಸುಮ್ಮನಾದಳು. ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಎದ್ದಳು.

"ಬೇರೆಯವರ ಪುಸ್ತಕ ಕತ್ತರಿಸೋ ಕತ್ತರಿ ನಮ್ಮನೇಲಿಲ್ಲ ಬೈರಮ್ಮಕ್ಕ," ಎಂದಷ್ಟೇ ಹೇಳಿ ಹೋದಳು. ಅವಳ ಮನೆಯ ಬಾಗಿಲು ಹಾಕಿಕೊಂಡಿತು.

"ನೋಡ್ದಾ? ಬುಟ್ಟಿ ಎಂಗ್ ಅವಚ್ಕಂಡ್ಲು!" ಎಂದಳು ಬೈರಮ್ಮ. ಗೌರಮ್ಮನೂ ಎದ್ದು ಒಳಗೆ ಹೋದಳು. ಜಗಲಿಯ ಮೇಲೆ ಬೈರಮ್ಮ ಒಬ್ಬಳೇ ಉಳಿದಳು, ಹಾಲು ಕರೆಯುವ ಹೊತ್ತಿಗೆ ಇನ್ನೂ ಬಹಳ ಸಮಯವಿತ್ತು.

ಬುಧವಾರ ಬೆಳಿಗ್ಗೆ ಚಿಕ್ಕಮಾರಯ್ಯ ಮುದ್ದೆ ಮುರಿಯುತ್ತ ಹೆಂಡತಿಯ ಮೋರೆ ನೋಡಿದ. "ಯಾಕೆ ಇಂಗ್ ಕುಂತಿದೀಯ? ಬಾಡ್ಗೆಯೋರ್ ಕೂಡ ಜಗಳ್ವಾ? ಆ ಗುಮಾಸ್ತನ ಎಂಡ್ರು ಮೊನ್ನೆ ಉಪ್ಪು ಈಸ್ಕಂಡ್ ಓಗಿತ್ತಲ್ಲ, ಅದ್ಕಾ?"

"ಯಾವ್ ಉಪ್ಪು?"

"ಸ್ವಾಮಾರ ಸಂಜೆ. ದೀಪ ಅಚ್ಚಾಗಿತ್ತು, ನೀನು ಕೊಟ್ಟಿಗೇಲಿದ್ದೆ. ಒಂಚೂರು ಉಪ್ಪು ಬೇಕಿತ್ತು ಗೌಡ್ರೇ ಅಂತು. ಒಳಕ್ಕೋಗಿ ತಗಳವ್ವ ಅಂದೆ."

ಬೈರಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ಏನಂದೆ? ದೀಪ ಅಚ್ಚಿದ್ ಮ್ಯಾಕೆ ಉಪ್ಪಾ?"

"ಊಂ. ಅದ್ರಾಗೇನೈತೆ?"

ಗಂಡಸರಿಗೆ ಅದರಲ್ಲೇನೂ ಇಲ್ಲ. ಆದರೆ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಹೊಸ್ತಿಲು ದಾಟಬಾರದು, ಅದರ ಜೊತೆ ಲಕ್ಷ್ಮಿಯೂ ದಾಟುತ್ತಾಳೆ ಅಂತ ಹಾಲು ಕುಡಿಯುವ ಹೆಣ್ಣುಮಗುವಿಗೂ ಗೊತ್ತು. ಕೊಡುವವರು ಇರಲಿ, ಕೇಳುವವರೂ ಇಲ್ಲ. ಉಪ್ಪಿಲ್ಲದಿದ್ದರೆ ಸಪ್ಪೆ ಉಂಡು ಮಲಗುತ್ತಾರೆ. ಅದರಲ್ಲೂ ಸುಬ್ಬಮ್ಮನಂಥ ಅತ್ತೆಯ ಕೈಕೆಳಗಿನ ಸೊಸೆ ಉಪ್ಪು ಕೇಳಿಕೊಂಡು ಬಂದಳೆ? ಬೈರಮ್ಮ ಒಳಗೆ ಓಡಿ ಉಪ್ಪಿನ ಮರಿಗೆ ನೋಡಿದಳು. ಸೋಮವಾರ ಬೆಳಿಗ್ಗೆ ತಾನು ಗೋಪುರ ಮಾಡಿ ತುಂಬಿಟ್ಟದ್ದು, ಒಂದು ಕಡೆ ಮಾತ್ರ ತನ್ನ ಕೈಬೆರಳಿನ ಗುರುತು. ಬೇರೆ ಯಾರೂ ಮುಟ್ಟಿಲ್ಲ. ಮರಿಗೆಯ ಪಕ್ಕದಲ್ಲೇ ವಾಡೆ!

ಆಗ ನೆನಪಾಯಿತು. ಪುಸ್ತಕ ಕಳೆದದ್ದಕ್ಕೆ ಜೀವ ಹೋಗಬೇಕಾಗಿದ್ದವಳು ಗೌರಮ್ಮ. ಅವಳ ಮುಖದಲ್ಲಿ ಒಂದು ತೊಟ್ಟು ಬೆವರಿರಲಿಲ್ಲ, ಹೋಗ್ಲಿ ಬಿಡಿ ಅಂದಳು. "ಸಿಕ್ದೆ ಕಣೇ ನನ್ ಕೈಗೆ!" ಎಂದು ಬೈರಮ್ಮ ಕುಣಿಯುವುದೊಂದು ಬಾಕಿ. ಮುದ್ದೆಗೆ ಸಾರು ಕೇಳುತ್ತಿದ್ದ ಗಂಡನನ್ನು ಅಲ್ಲೇ ಬಿಟ್ಟು ಹೊರಟಳು.

ಗೌರಮ್ಮ ಹಿತ್ತಿಲಲ್ಲಿ ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದಳು. ಬೈರಮ್ಮ ನಿಧಾನವಾಗಿ ಬಂದು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆಕಾಶ ನೋಡುತ್ತ ಕೇಳಿದಳು: "ಗೌರವ್ವ, ನಿಮ್ಮನೇಲಿ ಉಪ್ಪು ಮುಗ್ದೋಗಿತ್ತಾ?"

ರುಬ್ಬುವ ಕೈ ನಿಂತಿತು.

"ದೀಪ ಅಚ್ಚಿದ್ ಮ್ಯಾಕೆ ಉಪ್ಪಿಗ್ ಬಂದೋಳು ಉಪ್ಪು ಮುಟ್ಟೇ ಇಲ್ಲ. ಇನ್ನೇನ್ ಮುಟ್ಟಿದೆ ಯೇಳು."

ಗೌರಮ್ಮ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಅತ್ತೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಲೆ ತಗ್ಗಿಸಿದಳು. "ತಡೆಯೋಕಾಗ್ಲಿಲ್ಲ ಬೈರಮ್ಮನೋರೇ. ನಿಮಗೆಲ್ಲ ನಾಳೆ ಅಂತ ದೊಡ್ಡದಾಗಿ ಹೇಳಿ ಬಂದೆ. ಮನೆಗೆ ಬಂದ್ರೆ ಆ ಹಜಾರದ ಬಾಗಿಲೇ ಕಣ್ಣ ಮುಂದೆ. ಕೊನೇ ಹಾಳೆ ಒಂದ್ಸಲ ಇಣುಕಿ ನೋಡಿ ಇಟ್ಟುಬಿಡೋಣ ಅಂತ ಬಂದೆ."

"ಅಯ್ ನಿನ್ ಮನೆ ಕಾಯ್ವಾಗ!" ಬೈರಮ್ಮನಿಗೆ ಸಿಟ್ಟು ಬರಬೇಕಾದಲ್ಲಿ ನಗು ಬಂತು. "ನೋಡ್ದಾ? ಯಾರು? ಡಾಕುಟ್ರೇ ತಾನೇ? ಬ್ಯಾಡ ಬ್ಯಾಡ, ಯೇಳ್ಬ್ಯಾಡ!"

"ನೋಡೋಕೆ ಕೊನೆಯೇ ಇರಲಿಲ್ಲ."

ಗೌರಮ್ಮ ಒಳಗೆ ಹೋಗಿ ಒಗೆದ ಸೀರೆಗಳ ಅಡಿಯಿಂದ ಪುಸ್ತಕ ತಂದಳು. ಹ್ಞಾಂ, ಅದೇ ಹಳದಿ ರಟ್ಟಿನದು. ಕೊನೆ ತೆರೆದು ತೋರಿಸಿದಳು. ಹಾಳೆಗಳನ್ನು ಹಿಡಿದೆಳೆದ ಜಾಗದಲ್ಲಿ ಬಿಳಿಯ ಅಂಚು ಮಾತ್ರ ಉಳಿದಿತ್ತು.

"ಯಾವ್ ಮುಂಡೆ ಮಗ ಇಂಗ್ ಅರ್ದಿದ್ದು! ಅವ್ನ್ ಕೈ ಸೇದೋಗ! ಅವ್ನ್ ಎಂಡ್ರಿಗೆ..." ಬೈರಮ್ಮ ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಗೌರಮ್ಮ ಬೇಡ ಬೇಡವೆಂದು ಕೈ ಅಡ್ಡ ಹಿಡಿದರೂ ಬಿಡಲಿಲ್ಲ. ಕೊನೆಗೆ ಗೌರಮ್ಮ ಬೇರೆ ದಾರಿ ಕಾಣದೆ ಕಿಟಕಿಯ ಗೂಡಿನಿಂದ ಒಂದು ಪುಟ್ಟ ಪೊಟ್ಟಣ ತಂದು ಅಂಗೈ ಮೇಲೆ ಇಟ್ಟಳು. ಬಾಳೆನಾರಿನಲ್ಲಿ ಎರಡು ಸುತ್ತು ಬಿಗಿದ ಕಾಗದದ ಪೊಟ್ಟಣ. ಒಳಗೆ ಸೋರೆ ಬೀಜ.

ಆ ಗಂಟು ಬೈರಮ್ಮನದೇ. ವರ್ಷ ವರ್ಷವೂ ಮುಂಗಾರಿನ ಮೊದಲ ಹದ ಬಿದ್ದ ಕೂಡಲೇ ಅವಳು ತನ್ನ ಹಿತ್ತಿಲಿನ ಬೀಜ ಹಂಚುತ್ತಿದ್ದಳು. ಈ ಸಲವೂ ಭಾನುವಾರ ಹಂಚಿದ್ದಳು. ಕಟ್ಟಲು ಕಾಗದ ಬೇಕಾಗಿತ್ತು. ಜಿಯಾವುಲ್ಲಾನ ಪುಸ್ತಕಗಳ ಕೊನೆಯಲ್ಲಿ ತಲೆಗೆ ಹಚ್ಚುವ ಎಣ್ಣೆ, ಹೊಟ್ಟೆನೋವಿನ ಗುಳಿಗೆ ಅಂತ ಬರೀ ಜಾಹೀರಾತಿನ ಹಾಳೆಗಳಿರುತ್ತಿದ್ದವು. ಅವು ಯಾರಿಗೂ ಬೇಡ, ಬೇಕಾದರೆ ಹರಿದುಕೊಳ್ಳಿ ಅಂತ ಹಿಂದೊಂದು ಸಲ ಗೌರಮ್ಮನೇ ಹೇಳಿದ್ದಳು. ಈ ಪುಸ್ತಕದ ಜಾಹೀರಾತುಗಳನ್ನು ಅಂಗಡಿಯವನು ಮೊದಲೇ ಕಿತ್ತಿದ್ದ. ಎಣ್ಣೆಯ ಅಕ್ಷರ ಯಾವುದು, ಕೊಲೆಯ ಅಕ್ಷರ ಯಾವುದು ಅಂತ ಬೈರಮ್ಮನಿಗೆ ಹೇಗೆ ತಿಳಿಯಬೇಕು?

"ಶಿವನೇ," ಎಂದಳು ಬೈರಮ್ಮ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ನನ್ ಕೈಗೇ ಶಾಪ ಆಕ್ಕಂಡ್ನಲ್ಲವ್ವ."

"ಹರಿದ ಜಾಗ ನೋಡಿದ್ದೇ ನೀವು ಕೊಟ್ಟ ಪೊಟ್ಟಣ ನೆನಪಾಯ್ತು. ನಿಮಗೆ ತಿಳಿದ್ರೆ ನೊಂದ್ಕೋತೀರಿ, ಇನ್ನು ಪುಸ್ತಕದ ಸಹವಾಸವೇ ಬೇಡ ಅಂತ ಜಗಲಿಗೂ ಬರೋಲ್ಲ ಅನ್ನಿಸ್ತು. ಅದಕ್ಕೇ ಕಳೆದುಹೋಯ್ತು ಅನ್ನಿಸಿಬಿಡೋಣ ಅಂತ ಸೆರಗಿನಲ್ಲಿ ಮುಚ್ಕೊಂಡು ತಂದೆ. ನೀವು ಜೈನಾಬ್ ಅವರನ್ನ ಹಿಡ್ಕೋತೀರಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ನಾನು ಬಾಯಿ ತೆರೆಯೋಷ್ಟರಲ್ಲಿ ಅವರು ಹೋಗಿಬಿಟ್ರು."

ಜೈನಾಬಳ ಹೆಸರು ಕೇಳಿದ್ದೇ ಬೈರಮ್ಮನಿಗೆ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಹೋದ ಆ ಹೆಣ್ಣಿನ ಮುಖ ಕಣ್ಣಿಗೆ ಕಟ್ಟಿತು. ಅವಳ ಬಾಗಿಲು ನಿನ್ನೆಯಿಂದ ತೆರೆದಿಲ್ಲ. ಈಗಲೇ ಹೋಗಿ ಕಾಲು ಹಿಡಿಯಲೇ ಅನ್ನಿಸಿತು, ಧೈರ್ಯ ಬರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ? ಹರಿದವಳೇ ಕೂಡಿಸಬೇಕು. "ನಾಕ್ ಆಳೆ ಅರ್ದಿದ್ದು, ನಾಕ್ ಮನೆಗ್ ಕೊಟ್ಟಿದ್ದು. ಒಂದು ನಿನ್ತಾವೈತೆ. ಇನ್ನುಳಿದಿದ್ ತತ್ತೀನಿ. ನಿನ್ ಗಂಡಂಗೆ ಶನಿವಾರದಗಂಟ ಏನೂ ಯೇಳ್ಬ್ಯಾಡ," ಎಂದು ಎದ್ದಳು.

ಮೊದಲು ಕೆರೆ ಏರಿಯ ಕೆಳಗೆ ಹೂವಿನ ತೋಟದ ಪಿಳ್ಳಣ್ಣನ ಹತ್ತಿರ ಓಡಿದಳು. ಅವನು ಬೀಜ ಬಿತ್ತಿ ಮುಗಿಸಿ ಆ ಕಾಗದದಲ್ಲಿ ಹೊಗೆಸೊಪ್ಪು ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದ. ಬೈರಮ್ಮ ಕೇಳಿದ್ದೂ ಇಲ್ಲ, ಹೇಳಿದ್ದೂ ಇಲ್ಲ. ಅವನ ಸೊಂಟಕ್ಕೇ ಕೈ ಹಾಕಿ ಕಿತ್ತುಕೊಂಡಳು. "ಅಕ್ಕಯ್ಯಾ, ಅಕ್ಕಯ್ಯಾ!" ಎಂದು ಅವನು ಪಂಚೆ ಬಿಗಿ ಹಿಡಿದುಕೊಂಡು ಕೂಗುತ್ತಿದ್ದಂತೆ ಇವಳು ಯಶವಂತಪುರ ಸ್ಟೇಷನ್ನಿನ ದಾರಿ ಹಿಡಿದಿದ್ದಳು. ಅಲ್ಲಿ ಚಿಕ್ಕಬಾಣಾವರದ ರೈಲು ಹತ್ತಿ, ಬಾಗಿಲ ಬಳಿಯೇ ನಿಂತು, ಇಂಜಿನ್ನಿಗೆ ಬೇಗ ಹೋಗು ಅಂತ ಮನಸ್ಸಿನಲ್ಲೇ ಗದರಿಸುತ್ತ ಹೋದಳು.

ತಂಗಿ ಮುನಿಕೆಂಪಮ್ಮನ ಮನೆಯಲ್ಲಿ ಕಾಗದ ಕಾವಿಗೆ ಕೂತ ಕೋಳಿಯ ಅಡಿಯಲ್ಲಿತ್ತು. ಬುಟ್ಟಿಗೆ ಹುಲ್ಲು ಸಾಲದೆ ಕಾಗದ ಹಾಸಿದ್ದಳಂತೆ.

"ಏಳಿಸ್ಬ್ಯಾಡ ಕಣಕ್ಕ, ಮೊಟ್ಟೆ ಕೆಡ್ತವೆ! ಏನಂತಾ ಕಾಗ್ದ ಅದು, ಒಲದ್ ಪತ್ರವಾ?"

"ಒಲ ಮನೆ ಆಳಾಗೋಗ್ಲಿ, ಅಲ್ಲಿ ರಾಯರು ಸತ್ತವ್ರೆ ಕಣೇ!"

"ಯಾವ್ ರಾಯರಕ್ಕ?" ಎಂದು ಮುನಿಕೆಂಪಮ್ಮ ಎದೆ ಹಿಡಿದುಕೊಂಡಳು. ಕೋಳಿ ಎರಡು ಸಲ ಕುಕ್ಕಿತು. ಬೈರಮ್ಮ ಕೈಯ ರಕ್ತ ಸೆರಗಿಗೆ ಒರೆಸಿಕೊಂಡು, ಹಾಳೆಯನ್ನು ರವಿಕೆಯೊಳಗೆ ಸೇರಿಸಿ, ಕಾಫಿಗೂ ನಿಲ್ಲದೆ ವಾಪಸು ರೈಲು ಹತ್ತಿದಳು.

ಗುರುವಾರ ಬೆಳಿಗ್ಗೆ ಗೌರಮ್ಮ ಹಾಳೆಗಳನ್ನು ಪುಟದ ಸಂಖ್ಯೆ ನೋಡಿ ಜೋಡಿಸಿದಳು. ಒಂದಕ್ಕೆ ಹೊಗೆಸೊಪ್ಪಿನ ವಾಸನೆ, ಒಂದಕ್ಕೆ ಕೋಳಿಯ ಪುಕ್ಕ. ಮೂರೂ ಒಂದರ ಹಿಂದೆ ಒಂದು ಸರಿಯಾಗಿ ಕೂತವು. ಗೌರಮ್ಮ ಮೂರನೆಯದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಬೈರಮ್ಮನನ್ನು ನೋಡಿದಳು. "'ಆ ವ್ಯಕ್ತಿ ಬೇರೆ ಯಾರೂ ಅಲ್ಲ' ಅಂತ ನಿಂತಿದೆ. ಹೆಸರು ಮುಂದಿನ ಹಾಳೇಲಿ."

ಮುಂದಿನ ಹಾಳೆ ಜೈನಾಬಳ ಮನೆಯಲ್ಲಿ.

"ನಾನು ಹೋಗಿ ಕೇಳ್ಲಾ?" ಎಂದಳು ಗೌರಮ್ಮ.

"ಬ್ಯಾಡ. ಅವಳ್ನ ಅಂದಿದ್ದು ನಾನು, ಅಂದಿದ್ದು ಜಗ್ಲಿ ಮ್ಯಾಲೆ. ತೆಗ್ಯಾದೂ ಜಗ್ಲಿ ಮ್ಯಾಲೇ ಆಗ್ಬೇಕು." ಬೈರಮ್ಮನ ದನಿ ಸಣ್ಣಗಾಗಿತ್ತು. "ಅವ್ಳು ಬರ್ದಿದ್ರೆ ಕೊನೇ ಆಳೆ ಸಿಕ್ಕಿದ್ರೂ ನಂಗ್ ಬ್ಯಾಡ ಕಣವ್ವ."

ಮಧ್ಯಾಹ್ನ ಬೈರಮ್ಮ ಎಲ್ಲರನ್ನೂ ಕರೆದಳು. ಹೊಲದಿಂದ ಗಂಡನನ್ನು ಕರೆಸಿದಳು. ಅಂಗಡಿಯಿಂದ ಮುಜಫ್ಫರ್ ಅಳತೆ ಪಟ್ಟಿ ಕತ್ತಿನಲ್ಲೇ ಹಾಕಿಕೊಂಡು ಬಂದ. ಸುಬ್ಬಮ್ಮ ದೂರದಲ್ಲಿ ಮಣೆ ಹಾಕಿಕೊಂಡು ಕೂತಳು. ಆಮೇಲೆ ಬೈರಮ್ಮ ಕೊನೆಯ ಮನೆಯ ಮುಂದೆ ನಿಂತು ಕೂಗಿದಳು: "ಜೈನಾಬು, ಪುಸ್ತಕದ್ ಕಳ್ಳ ಸಿಕ್ಕವ್ನೆ. ಎಲ್ರ ಮುಂದೆ ಯೇಳ್ತೀನಿ. ನೀನ್ ಬರ್ದೆ ನಾನ್ ಬಾಯಿ ಬಿಡಾಕಿಲ್ಲ."

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಜೈನಾಬ್ ಬಂದಳು. ಕೂರಲಿಲ್ಲ, ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಳು.

ಬೈರಮ್ಮ ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದಳು. ಪತ್ತೇದಾರನಿಗೆ ಈ ಹೊತ್ತಿನಲ್ಲಿ ಮೀಸೆಯಡಿಯಲ್ಲಿ ನಗು ಇರುತ್ತದೆ. ಬೈರಮ್ಮನಿಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು.

"ಕಳ್ಳ ವರಗಿನೋನಲ್ಲ. ಇದೇ ಜಗ್ಲಿ ಮ್ಯಾಲೆ ಅವ್ನೆ," ಎಂದಳು. ಸುಬ್ಬಮ್ಮ ಸರಕ್ಕನೆ ಸೊಸೆಯ ಕಡೆ ತಿರುಗಿದಳು. "ಅವಳ್ನ್ ಯಾಕ್ ನೋಡೀರಿ? ನಾನೇ ಕಣ್ರವ್ವ. ಬೀಜ ಕಟ್ಟಾಕೆ ಕೊನೇ ಆಳೆಗಳ್ನ ಅರ್ದೋಳು ನಾನು. ನಂಗ್ ಓದಾಕ್ ಬರಾಕಿಲ್ಲ, ಎಣ್ಣೆ ಆಳೆ ಅಂದ್ಕಂಡೆ. ಗೌರವ್ವ ನನ್ ಮಾನ ಉಳ್ಸಾಕೆ ಪುಸ್ತಕ ಮುಚ್ಚಿಟ್ಲು. ಅವಳು ಅದ್ನ ಎಂಗ್ ಕಂಡ್ಲು ಅನ್ನಾದು ನಿಮ್ಗ್ಯಾರಿಗೂ ಬ್ಯಾಡ." ಉಸಿರು ಎಳೆದುಕೊಂಡು ಕಂಬದ ಕಡೆ ತಿರುಗಿ ಕೈ ಜೋಡಿಸಿದಳು. "ಜೈನಾಬು, ನಾನ್ ಆಡಿದ್ ಮಾತು ಸುಳ್ಳು. ನಿಮ್ ಕತ್ತರೀಗೂ ನಿಮ್ಗೂ ಕೆಟ್ಟೆಸ್ರು ತಂದೆ. ತಪ್ಪಾಯ್ತು ಕಣವ್ವ."

ಚಿಕ್ಕಮಾರಯ್ಯ, ಹೆಂಡತಿ ಯಾರಿಗಾದರೂ ಕೈ ಜೋಡಿಸಿದ್ದನ್ನು ಕಂಡದ್ದೇ ಇಲ್ಲವಾದ್ದರಿಂದ, ನೆಲ ನೋಡುತ್ತ ಕೂತ. ಜೈನಾಬ್ ಕಂಬ ಬಿಟ್ಟು ಮನೆಯೊಳಗೆ ಹೋದಳು. ಹೋದವಳು ಬರುವುದಿಲ್ಲವೆಂದೇ ಬೈರಮ್ಮ ಅಂದುಕೊಂಡಳು, ಕಣ್ಣು ತುಂಬಿಬಂತು. ಆದರೆ ಜೈನಾಬ್ ಹೊಲಿಗೆ ಬುಟ್ಟಿ ಹಿಡಿದು ವಾಪಸು ಬಂದಳು. ರವಿಕೆಗಳ ಅಡಿಯಿಂದ ಮಡಿಸಿದ ಒಂದು ಹಾಳೆ ತೆಗೆದಳು. ಮಡಿಕೆ ನೀಟಾಗಿತ್ತು, ಒಂದು ಕಲೆಯೂ ಇರಲಿಲ್ಲ.

"ಭಾನುವಾರವೇ ನಮ್ಮೋರು ಓದಿ ಹೇಳಿದ್ರು ಅಕ್ಕ," ಎಂದಳು.

"ಬೀಜದ ಪೊಟ್ಟಣ ಬಿಚ್ಚಿದ್ರೆ ಕಾಗದದ ಮೇಲೆ ರಾಯರು, ಹಾಲಿನ ಲೋಟ ಅಂತ ಕಾಣ್ತು," ಎಂದು ಮುಜಫ್ಫರ್ ಕತ್ತಿನ ಪಟ್ಟಿ ಎಳೆದುಕೊಳ್ಳುತ್ತ ಹೇಳಿದ. "ಇವಳು ದಿನಾ ಹೇಳೋ ಕಥೆ ಇದೇ ಅಲ್ವಾ ಅಂತ ಓದ್ದೆ. ಓದಿದ ಮೇಲೆ ಬೈದ್ಲು. ಯಾರ ಹತ್ರಾನೂ ಬಾಯಿ ಬಿಟ್ರೆ ನೋಡಿ ಅಂದ್ಲು."

"ಅಂಗಾದ್ರೆ ನಿಂಗೆ..." ಬೈರಮ್ಮ ಬೆರಳು ಮಡಿಸಿ ದಿನ ಎಣಿಸಿದಳು. "ಸ್ವಾಮಾರ ನಾನ್ ಡಾಕುಟ್ರು ಡಾಕುಟ್ರು ಅಂತ ಬಡ್ಕೊಳ್ಳೋವಾಗ್ಲೇ ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು. ಗೌರಮ್ಮ ಪುಸ್ತಕ ಕೆಳಗಿಟ್ಟ ತಕ್ಷಣ ಅದರೊಳಗೆ ಸೇರಿಸಿಬಿಡೋಣ ಅಂತ ಬುಟ್ಟೀಲಿ ಇಟ್ಕೊಂಡಿದ್ದೆ. ಆಗ್ಲಿಲ್ಲ. ಮಂಗಳವಾರ ನೀವು ಕೇಳಿದಾಗ್ಲೂ ಇದು ಬುಟ್ಟೀಲೇ ಇತ್ತು."

"ಆಗ್ಲೇ ತೆಗ್ದು ನನ್ ಮುಸುಡಿಗೆ ಎಸೀಬೇಕಿತ್ತಲ್ಲವ್ವ!"

"ಎಸೆದಿದ್ರೆ ಹರಿದವರು ನೀವು ಅಂತ ಎಲ್ರಿಗೂ ಗೊತ್ತಾಗ್ತಿತ್ತು," ಎಂದಳು ಜೈನಾಬ್. "ಆಮೇಲೆ ನೀವು ಜಗಲಿಗೆ ಬರ್ತಿರ್ಲಿಲ್ಲ."

ಬೈರಮ್ಮ ಸೆರಗಿನಿಂದ ಮೂಗು, ಕಣ್ಣು ಎಲ್ಲ ಒಟ್ಟಿಗೇ ಒರೆಸಿಕೊಂಡಳು. ಪಕ್ಕಕ್ಕೆ ಸರಿದು ಜಗಲಿಯ ಮೇಲಿನ ಹುಲ್ಲಿನ ಕಡ್ಡಿಗಳನ್ನು ಕೈಯಿಂದ ಗುಡಿಸಿದಳು. ಜೈನಾಬ್ ಬಂದು ಅಲ್ಲಿ ಕೂತಳು. ಕೊನೆಯ ಹಾಳೆ ಗೌರಮ್ಮನ ಕೈಗೆ ಹೋಯಿತು.

"ಡಾಕುಟ್ರೇ ತಾನೇ?" ಎಂದು ಬೈರಮ್ಮ ಜೈನಾಬಳ ಕಿವಿಯ ಹತ್ತಿರ ಬಾಗಿ ಕೇಳಿದಳು.

"ನಂಗೇನ್ ಗೊತ್ತಕ್ಕ," ಎಂದಳು ಜೈನಾಬ್.

ಹೊಲಕ್ಕೆ ಹೋಗಬೇಕಾಗಿದ್ದ ಚಿಕ್ಕಮಾರಯ್ಯ ಏಳಲಿಲ್ಲ. ಸುಬ್ಬಮ್ಮ ಮಣೆಯನ್ನು ಒಂದು ಮೊಳ ಹತ್ತಿರಕ್ಕೆ ಎಳೆದುಕೊಂಡು, ತನಗೇನೂ ಕೇಳಿಸುತ್ತಿಲ್ಲವೆಂಬಂತೆ ಆಚೆ ಮುಖ ಮಾಡಿ ಕೂತಳು. ಗೌರಮ್ಮ ಗಂಟಲು ಸರಿಮಾಡಿಕೊಂಡು, ಪತ್ತೇದಾರನು ಹಜಾರದ ಬಾಗಿಲಿಗೆ ಅಗಳಿ ಹಾಕಿದ ಜಾಗದಿಂದ ಮತ್ತೆ ಶುರುಮಾಡಿದಳು. ಒಂದು ಹಾಳೆ ಮುಗಿಯಿತು, ಎರಡು ಮುಗಿಯಿತು. ಬೈರಮ್ಮ ಮುಷ್ಟಿ ಬಿಗಿದು, ಉಸಿರು ಹಿಡಿದು, ಗೌರಮ್ಮನ ತುಟಿಗಳನ್ನೇ ನೋಡುತ್ತಿದ್ದಳು. ಎಲ್ಲರೂ ಅಲ್ಲೇ ನೋಡುತ್ತಿದ್ದರು. ಗೌರಮ್ಮ ಕೊನೆಯ ಹಾಳೆಯ ಮಡಿಕೆ ಬಿಚ್ಚಿದಾಗ ಜೈನಾಬ್ ಮಾತ್ರ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟು, ಬೈರಮ್ಮನ ಮುಖದ ಕಡೆ ತಿರುಗಿ ಕೂತಳು.